ಹಾಡು ಯಾರ ಸೊತ್ತು?

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಅಮೆರಿಕದ ಹಾಡಿನ ಪತ್ರಿಕೆಗಳ ವಿಷಯ ಮಾತನಾಡುತ್ತೇವೆ ಎಂದಾಗ ಕೆಲವರು ನಕ್ಕರು. ಬೋನಸ್ಸಿನ ಮಾತು ಬಿಟ್ಟು ಮೇಷ್ಟ್ರು ಸಂಗೀತಕ್ಕೆ ಇಳಿದರೇ ಎಂದರು. ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಇದೂ ದುಡಿಮೆಯ ಮಾತೇ.

1945ರ ಅಕ್ಟೋಬರಿನಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಪೈಕಿ ಸೌತ್ ಕೆರೊಲೈನಾದ ಚಾರ್ಲ್‌ಸ್ಟನ್ ಊರಿನಲ್ಲಿ ಸಿಗಾರ್ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದರು. ಹೆಚ್ಚಿನವರು ಕಪ್ಪು ಜನಾಂಗದ ಹೆಂಗಸರು. ಚಳಿಗಾಲವೆಲ್ಲ ಗೇಟಿನ ಮುಂದೆ ನಿಂತರು. ದಿನದ ಪಿಕೆಟಿಂಗ್ ಮುಗಿಯುವ ಹೊತ್ತಿಗೆ ಲೂಸಿಲ್ ಸಿಮನ್ಸ್ ಎಂಬುವರು ತಮ್ಮ ಚರ್ಚಿನ ಭಕ್ತಿಗೀತೆಯೊಂದನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದರು. ಇಂಥ ಹಾಡಿಗೆ ಅಲ್ಲಿ ಗಾಸ್ಪೆಲ್ ಎನ್ನುತ್ತಾರೆ. ಚರ್ಚಿನಲ್ಲಿ ‘ನಾನು’ ಎಂದಿದ್ದದ್ದು ಗೇಟಿನ ಮುಂದೆ ‘ನಾವು’ ಆಯಿತು.

ಟೆನೆಸಿಯ ಹೈಲ್ಯಾಂಡರ್ ಕಾರ್ಮಿಕ ಶಾಲೆಯ ಜಿಲ್ಫಿಯಾ ಹಾರ್ಟನ್ ಆ ಮುಷ್ಕರದವರಿಂದ ಹಾಡನ್ನು ಕಲಿತರು. ಅವರಿಂದ ಗಾಯಕ ಪೀಟ್ ಸೀಗರ್ ಕಲಿತರು. ಸೀಗರ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ 1946ರಿಂದ ‘ಪೀಪಲ್ಸ್ ಸಾಂಗ್ಸ್’ ಎಂಬ ಸಣ್ಣ ಪತ್ರಿಕೆ ನಡೆಸುತ್ತಿದ್ದರು. 1948ರಲ್ಲಿ ಆ ಪತ್ರಿಕೆ ಹಾಡನ್ನು ಅಚ್ಚು ಹಾಕಿತು. ತಂಬಾಕು ಕಾರ್ಮಿಕರಿಂದ ಬಂದದ್ದೆಂದೂ ಹೇಳಿತು. ಈ ಒಂದು ಮಾತನ್ನು ನೆನಪಿನಲ್ಲಿಡಿ.

ಮರುವರ್ಷವೇ ಪತ್ರಿಕೆ ಸಾಲದಲ್ಲಿ ಮುಳುಗಿತು. ಹಾಡಿನವರಿಗೆ ಲೆಕ್ಕ ಬಾರದು ಎಂದು ಅಂಗಡಿಯ ಮಿತ್ರರು ನಗಬಹುದು, ನಗಲಿ. ಅದೇ ಗುಂಪು 1950ರ ಮೇ ತಿಂಗಳಲ್ಲಿ ‘ಸಿಂಗ್ ಔಟ್’ ಎಂಬ ಹೊಸ ಪತ್ರಿಕೆ ತೆಗೆಯಿತು. ಎಡಪಂಥದವರನ್ನು ಹುಡುಕಿ ಹುಡುಕಿ ಕಾಡುತ್ತಿದ್ದ ಕಾಲ ಅದು. ಸೀಗರ್ ಅವರಿಗೆ 1961ರಲ್ಲಿ ಒಂದು ವರ್ಷದ ಸಜೆ ವಿಧಿಸಿದರು. ಮರುವರ್ಷ ಮೇಲಿನ ಕೋರ್ಟು ಅದನ್ನು ರದ್ದುಪಡಿಸಿತು. ಪತ್ರಿಕೆ ಮಾತ್ರ 2014ರ ವರೆಗೆ ಅಚ್ಚಾಯಿತು.

ನಮಗೆ ಇನ್ನೂ ಹತ್ತಿರವೆನಿಸುವುದು ‘ಬ್ರಾಡ್‌ಸೈಡ್’. ಸಿಸ್ ಕನಿಂಗ್‌ಹ್ಯಾಮ್ ಮತ್ತು ಗಾರ್ಡನ್ ಫ್ರೀಸೆನ್ ದಂಪತಿಗಳು ಒಕ್ಲಹೋಮದಿಂದ ಬಂದವರು. ಕರಿಪಟ್ಟಿಗೆ ಸೇರಿ ಕೆಲಸ ಕಳೆದುಕೊಂಡವರು. 1962ರ ಫೆಬ್ರವರಿಯಲ್ಲಿ ತಮ್ಮ ಪುಟ್ಟ ಮನೆಯಲ್ಲೇ, ಒಂದು ಹಳೆಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪತ್ರಿಕೆ ತೆಗೆದರು. ಹಿಂದೆ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದ ಅದೇ ಯಂತ್ರ. ಕೈಗೂ ಮೈಗೂ ಮಸಿ. ಬಾಬ್ ಡಿಲನ್ ಆಗ ಇಪ್ಪತ್ತರ ಹುಡುಗ. ಮುಂದೆ ಲೋಕಪ್ರಸಿದ್ಧವಾದ ಅವರ ‘ಬ್ಲೋಯಿಂಗ್ ಇನ್ ದ ವಿಂಡ್’ ಮೊದಲು ಕಾಗದ ಕಂಡದ್ದು 1962ರ ಮೇ ತಿಂಗಳಲ್ಲಿ, ಈ ಮಸಿಹಾಳೆಯ ಮೇಲೆ.

ಇನ್ನು ಆ ಗೇಟಿನ ಹಾಡಿನ ಕಥೆ. ಅದೇ ‘ವಿ ಶಲ್ ಓವರ್‌ಕಂ’. 1960ರ ನಂತರ ಕಪ್ಪು ಜನರ ಹಕ್ಕಿನ ಹೋರಾಟದಲ್ಲೆಲ್ಲ ಮೊಳಗಿತು. ಹಿಂದಿಗೆ ಬಂತು, ಕನ್ನಡಕ್ಕೂ ಬಂತು. ಶಾಲೆಯ ಅಂಗಳದಲ್ಲಿ ನಾವೇ ಮಕ್ಕಳಿಂದ ಹಾಡಿಸಿದ್ದೇವೆ, ಸಿಗಾರ್ ಸುತ್ತುವ ಹೆಂಗಸರ ಹಾಡೆಂಬುದು ತಿಳಿಯದೆ.

1960ರಲ್ಲಿ ಅದಕ್ಕೆ ಹಕ್ಕುಸ್ವಾಮ್ಯ ನೋಂದಾಯಿಸಿದರು. ಪತ್ರದಲ್ಲಿ ಹಾರ್ಟನ್ ಮೊದಲಾದವರ ಹೆಸರಿತ್ತು. ಲೂಸಿಲ್ ಸಿಮನ್ಸ್ ಹೆಸರು ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಆ ಗಾಯಕರು ಹಣ ಜೇಬಿಗೆ ಹಾಕಿಕೊಳ್ಳಲಿಲ್ಲ. ಅದನ್ನು ದಕ್ಷಿಣದ ಕಪ್ಪು ಜನರ ಕೆಲಸಕ್ಕೆ ಒಂದು ನಿಧಿಗೆ ಬಿಟ್ಟರು. ಆದರೂ ಹಾಡನ್ನು ಸಿನೆಮಾದಲ್ಲಿ ಬಳಸಬೇಕೆಂದವರು ಪ್ರಕಾಶಕರ ಅಪ್ಪಣೆಗೆ ಕಾಯಬೇಕಾಯಿತು. 2016ರಲ್ಲಿ ಅಂಥವರು ದಾವೆ ಹೂಡಿದರು. 2017ರಲ್ಲಿ ನ್ಯಾಯಾಧೀಶರು ಎದುರಿಗಿಟ್ಟು ಹೋಲಿಸಿ ನೋಡಿದ್ದು ಯಾವುದನ್ನು ಬಲ್ಲಿರಾ? 1948ರ ಆ ‘ಪೀಪಲ್ಸ್ ಸಾಂಗ್ಸ್’ ಪುಟವನ್ನು! ಒಂದೆರಡು ಪದ ತಿದ್ದಿದ ಮಾತ್ರಕ್ಕೆ ಮೊದಲ ಚರಣ ಹೊಸ ಕೃತಿಯಾಗದು ಎಂದರು. 2018ರ ಜನವರಿಯಲ್ಲಿ ರಾಜಿಯಾಗಿ ಹಾಡು ಸಾರ್ವಜನಿಕರದಾಯಿತು. ಸಾಲಕ್ಕೆ ಸಿಕ್ಕಿ ಸತ್ತ ಪತ್ರಿಕೆ 68 ವರ್ಷದ ಮೇಲೆ ಸಾಕ್ಷಿ ನುಡಿಯಿತು.

ಬರುವ ಭಾನುವಾರದಿಂದ ಈ ವಾಚನಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡುತ್ತೇವೆ. ಮನೆಯಲ್ಲಿ ಅವ್ವ, ಅಜ್ಜಿ ಬೀಸುವಾಗ, ನೂಲುವಾಗ ಹಾಡಿದ ಹಾಡುಗಳಿದ್ದರೆ ಬಂದು ಬರೆಸಿ. ಬರೆಯಲು ಬಾರದವರದನ್ನು ನಾವು ಬರೆದುಕೊಳ್ಳುತ್ತೇವೆ. ಹಾಡಿದವರ ಹೆಸರು, ಊರು, ಮಾಡುತ್ತಿದ್ದ ಕೆಲಸ ಮರೆಯದೆ ಹೇಳಬೇಕು. ವಾರಕ್ಕೊಂದು ಹಾಡನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ.