ಎದೆನೋವೂ ಗಡಿಯಾರವೂ

೨೦೨೫ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಹಾಸನ ಜಿಲ್ಲೆಯ ಹೆಸರು ನಾಡಿನ ಎಲ್ಲರ ಬಾಯಲ್ಲಿಯೂ ಇತ್ತು. ಬೇಲೂರಿನ ಮದನಿಕೆಯರಿಗಾಗಿ ಅಲ್ಲ, ಹಳೇಬೀಡಿನ ಹೊಯ್ಸಳೇಶ್ವರನ ಗುಡಿಗಾಗಿಯೂ ಅಲ್ಲ. ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದೂ, ಅವರಲ್ಲಿ ಹರೆಯದವರೂ ಇದ್ದರೆಂದೂ ಸುದ್ದಿ ಹಬ್ಬಿತು. ದಿನ ಬೆಳಗಾದರೆ ಮತ್ತೊಂದು ಹೆಸರು. ಎದೆಯಲ್ಲಿ ಸಣ್ಣ ಚಳುಕು ಬಂದವರೂ, ಏನೂ ಬಾರದವರೂ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಬಾಗಿಲಿಗೆ ಹೋಗಿ ಸಾಲುಗಟ್ಟಿ ನಿಂತರು. ಕೊರೊನಾ ಲಸಿಕೆಯಿಂದ ಹೀಗಾಯಿತೆಂದು ಕೆಲವರು, ನೀರಿನಲ್ಲಿಯೇ ದೋಷವಿದೆಯೆಂದು ಕೆಲವರು, ಹೀಗೆ ಬಾಯಿಗೊಂದು ಮಾತು.

ಇಂಥ ಹೊತ್ತಿನಲ್ಲಿ ಭಯವಾಗುವುದು ಸಹಜ. ಆದರೆ ಭಯ ಒಳ್ಳೆಯ ವೈದ್ಯನಲ್ಲ. ಆದ್ದರಿಂದ ಆಗ ನಡೆದ ವಿಚಾರಣೆಯಲ್ಲಿ ಕಂಡುಬಂದದ್ದೇನು, ಅದರಿಂದ ನಾವು ಕಲಿಯಬೇಕಾದದ್ದೇನು ಎಂಬುದನ್ನು ಸ್ವಲ್ಪ ಸಮಾಧಾನದಿಂದ ನೋಡೋಣ.

ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾಕ್ಟರ್ ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಜುಲೈ ತಿಂಗಳಿನಲ್ಲಿ ಅದರ ವರದಿ ಹೊರಬಂತು. ಸಮಿತಿ ಪರಿಶೀಲಿಸಿದ ಸಾವುಗಳು ೨೪. ಅವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ. ಉಳಿದವು ಹೃದಯಕ್ಕೆ ಸಂಬಂಧಪಟ್ಟವು, ಇಲ್ಲವೇ ಹಾಗಿರಬಹುದೆಂದು ತೋರಿದವು. ತೀರಿಕೊಂಡವರಲ್ಲಿ ಅನೇಕರಿಗೆ ಧೂಮಪಾನ, ಮದ್ಯಪಾನ, ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಬೊಜ್ಜು ಇವುಗಳಲ್ಲಿ ಒಂದಲ್ಲ ಒಂದು ಮೊದಲಿನಿಂದಲೇ ಜೊತೆಗಿತ್ತು. ಹಾಸನದಲ್ಲಿ ಹೃದ್ರೋಗ ಇದ್ದಕ್ಕಿದ್ದಂತೆ ಏರಿತೆಂಬುದಕ್ಕೆ ಆಧಾರ ಸಿಗಲಿಲ್ಲ. ಲಸಿಕೆಯ ವಿಷಯದಲ್ಲಿಯೂ ಅಷ್ಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ನಡೆಸಿದ ಅಧ್ಯಯನಗಳಲ್ಲಿ ಲಸಿಕೆಗೂ ಹಠಾತ್ ಸಾವುಗಳಿಗೂ ನಂಟು ಕಾಣಲಿಲ್ಲ.

ಹಾಗಾದರೆ ಚಿಂತೆಗೆ ಕಾರಣವೇ ಇಲ್ಲವೇ? ಇದೆ. ವರದಿಯ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಸಾವುಗಳು ವಿಶೇಷವಾಗಿ ಹೆಚ್ಚಲಿಲ್ಲವೆಂದರೆ ಅರ್ಥವೇನು? ಪತ್ರಿಕೆಗಳಲ್ಲಿ ಹೆಸರು ಬಾರದ ತಿಂಗಳುಗಳಲ್ಲಿಯೂ ಜನ ಹೀಗೆಯೇ ಸಾಯುತ್ತಿದ್ದಾರೆ, ನಾವು ಗಮನಿಸುತ್ತಿಲ್ಲ ಎಂದೇ ಅರ್ಥ. ನಮ್ಮನ್ನು ಕಾಡಬೇಕಾದ ಸಂಗತಿ ಇದು.

ಹೃದಯಾಘಾತವೆಂದರೇನು? ಹಳೇಬೀಡಿನ ಜನಕ್ಕೆ ಇದನ್ನು ತಿಳಿಸುವುದು ಕಷ್ಟವಲ್ಲ. ಕೆರೆಯ ತುಂಬ ನೀರಿದ್ದರೂ ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆ ಒಣಗುತ್ತದಲ್ಲವೇ? ಹೃದಯವೂ ಹಾಗೆಯೇ. ಮುಷ್ಟಿಯಷ್ಟು ಗಾತ್ರದ ಈ ಮಾಂಸದ ಚೀಲ ಮೈಗೆಲ್ಲ ರಕ್ತವನ್ನು ತಳ್ಳುತ್ತದೆ. ಆದರೆ ತನ್ನ ಹೊಟ್ಟೆಪಾಡಿಗೆ ತನ್ನ ಮೈಮೇಲೆ ಹರಡಿರುವ ಕಿರುನಾಳಗಳನ್ನೇ ನಂಬಿದೆ. ವರ್ಷಗಟ್ಟಲೆ ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟುತ್ತ ಬರುತ್ತದೆ. ಒಂದು ದಿನ ಆ ಪದರ ಬಿರಿಯುತ್ತದೆ, ಬಿರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ದಾರಿ ಮುಚ್ಚುತ್ತದೆ. ಆ ಕ್ಷಣದಿಂದ, ಅಲ್ಲಿಂದ ಮುಂದಿನ ಹೃದಯದ ಮಾಂಸ ಸಾಯತೊಡಗುತ್ತದೆ. ಗದ್ದೆಯ ಪೈರಾದರೂ ಹತ್ತು ದಿನ ತಡೆದೀತು. ಹೃದಯದ ಮಾಂಸಕ್ಕೆ ಇರುವುದು ಕೆಲವೇ ಗಂಟೆ. ಹೀಗೆ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ.

ಇದರ ಲಕ್ಷಣಗಳನ್ನು ಮನೆಯ ಪ್ರತಿಯೊಬ್ಬರೂ ಅರಿತಿರಬೇಕು. ಎದೆಯ ನಡುವೆ ಕಲ್ಲು ಹೇರಿದಂತೆ ಭಾರ, ಹಿಸುಕಿದಂಥ ನೋವು, ಉರಿ. ಅದು ಎಡತೋಳಿಗೋ, ದವಡೆಗೋ, ಬೆನ್ನಿಗೋ ಹರಿಯುವುದು. ತಣ್ಣನೆಯ ಬೆವರು, ಉಸಿರಿನ ಕಷ್ಟ, ವಾಕರಿಕೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವು ಸ್ಪಷ್ಟವಾಗಿ ಕಾಣದೆ ಬರೀ ಸುಸ್ತು, ಏದುಸಿರು, ಹೊಟ್ಟೆಯ ಮೇಲ್ಭಾಗದ ಸಂಕಟ ಇಷ್ಟೇ ಇರಬಹುದು.

ಇಲ್ಲಿಯೇ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಅನಾಹುತ ನಡೆಯುವುದು. ‘ಏನಿಲ್ಲ, ಗ್ಯಾಸು. ರಾತ್ರಿ ಅವರೆಕಾಳು ಸಾರು ಜಾಸ್ತಿಯಾಯಿತು’ ಎಂದು ಯಜಮಾನರು ಹೇಳುತ್ತಾರೆ. ಜೀರಿಗೆ ಕಷಾಯ ಬರುತ್ತದೆ, ಓಮಿನ ನೀರು ಬರುತ್ತದೆ, ಅಂಗಡಿಯಿಂದ ಸೋಡಾ ಬರುತ್ತದೆ. ಒಂದು ತೇಗು ಬಂದರೆ ಎಲ್ಲರಿಗೂ ಸಮಾಧಾನ. ಅಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಕಷಾಯ ಕೆಟ್ಟದ್ದಲ್ಲ, ಗ್ಯಾಸೂ ಸುಳ್ಳಲ್ಲ. ಆದರೆ ಗ್ಯಾಸೋ ಹೃದಯವೋ ಎಂಬುದನ್ನು ನಿರ್ಣಯಿಸುವ ಅಧಿಕಾರ ಅಡುಗೆಮನೆಗೆ ಇಲ್ಲ. ಅದು ಇಸಿಜಿ ಯಂತ್ರಕ್ಕೂ ವೈದ್ಯರಿಗೂ ಸೇರಿದ್ದು. ಗ್ಯಾಸಿಗೆ ಇಸಿಜಿ ತೆಗೆಸಿದವನು ನಾಳೆ ನಕ್ಕಾನು. ಹೃದಯದ ನೋವಿಗೆ ಸೋಡಾ ಕುಡಿದವನಿಗೆ ನಾಳೆಯೇ ಇಲ್ಲದಿರಬಹುದು.

ಇನ್ನು ಚಿಕಿತ್ಸೆಯ ಮಾತು. ಮುಚ್ಚಿದ ನಾಳವನ್ನು ತೆರೆಯಲು ಎರಡು ದಾರಿಗಳಿವೆ. ಒಂದು, ಕೈಯ ಅಥವಾ ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ತೂರಿಸಿ, ಅಡಚಣೆಯನ್ನು ಬಲೂನಿನಿಂದ ಬಿಡಿಸಿ, ಅಲ್ಲಿ ಸ್ಟೆಂಟ್ ಎಂಬ ಪುಟ್ಟ ಜಾಲರಿಯನ್ನು ಇಡುವುದು. ಇದೇ ಆಂಜಿಯೋಪ್ಲಾಸ್ಟಿ. ಇದು ಶ್ರೇಷ್ಠ, ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯ. ಎರಡನೆಯದು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದು. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಮಾಡಿಸುವಂತಿಲ್ಲವಾದರೆ, ಇಸಿಜಿಯಲ್ಲಿ ನಾಳ ಪೂರ್ತಿ ಮುಚ್ಚಿದ ಗುರುತು ಕಂಡ ರೋಗಿಗೆ ಮೊದಲು ಚುಚ್ಚುಮದ್ದು ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಎಲ್ಲ ದೇಶಗಳ ವೈದ್ಯರೂ ಒಪ್ಪಿದ ಕ್ರಮ. ನೋವು ಶುರುವಾದ ಹನ್ನೆರಡು ಗಂಟೆಯವರೆಗೆ ಇದನ್ನು ಕೊಡುವುದುಂಟು. ಆದರೆ ಮೊದಲ ಒಂದೆರಡು ಗಂಟೆಯಲ್ಲಿ ಆಗುವ ಲಾಭ ಆಮೇಲೆ ಆಗುವುದಿಲ್ಲ.

ಈಗ ಲೆಕ್ಕ ಹಾಕಿ. ಹಳೇಬೀಡಿನಿಂದ ಬೇಲೂರು ೧೬ ಕಿಲೋಮೀಟರು. ಹಾಸನ ಸುಮಾರು ೩೦ ಕಿಲೋಮೀಟರು. ಹಾಸನದಿಂದ ಮೈಸೂರು ಮತ್ತೆ ಸುಮಾರು ೧೨೦ ಕಿಲೋಮೀಟರು. ನಡುರಾತ್ರಿ ಎದೆನೋವು ಬಂದವರನ್ನು ‘ಹೋದರೆ ಜಯದೇವಕ್ಕೇ ಹೋಗೋಣ’ ಎಂದು ಕಾರಿನಲ್ಲಿ ಕೂರಿಸಿಕೊಂಡು ನೇರವಾಗಿ ಮೈಸೂರಿಗೆ ಹೊರಟರೆ, ದಾರಿಯಲ್ಲಿಯೇ ಆ ಅಮೂಲ್ಯವಾದ ಗಂಟೆಗಳು ಸೋರಿಹೋಗುತ್ತವೆ. ಪ್ರೀತಿಯಿಂದಲೇ ಮಾಡಿದ್ದು, ಆದರೆ ಕೇಡು ತಪ್ಪದು.

ಜಯದೇವದ ತಜ್ಞರನ್ನೇ ತಾಲ್ಲೂಕು ಆಸ್ಪತ್ರೆಗೆ ತಂದುಕೊಳ್ಳುವ ಏರ್ಪಾಡು ಈಗ ಇದೆ. ನಟ ಪುನೀತ್ ರಾಜ್‌ಕುಮಾರ್ ಅವರು ೨೦೨೧ರ ಅಕ್ಟೋಬರ್ ೨೯ರಂದು, ತಮ್ಮ ೪೬ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡದ್ದು ನಿಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಎಂಬ ಯೋಜನೆಯನ್ನು ನಡೆಸುತ್ತಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆ ನಿಮಿಷವೇ ದೂರದ ಹೃದ್ರೋಗ ಕೇಂದ್ರಕ್ಕೆ ತಲಪುತ್ತದೆ. ಅಲ್ಲಿಯ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಆವಶ್ಯಕವಾದರೆ ಟೆನೆಕ್ಟಿಪ್ಲೇಸ್ ಎಂಬ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ ಬೆಲೆ. ಮುಂದೆ ಸಾಗಿಸುವ ವ್ಯವಸ್ಥೆ ಅದರ ನಂತರದ್ದು. ಆದುದರಿಂದ ದೂರದ ದೊಡ್ಡ ಆಸ್ಪತ್ರೆಗಿಂತ ಹತ್ತಿರದ ಸರ್ಕಾರಿ ಆಸ್ಪತ್ರೆ ಮೊದಲು.

ಎದೆನೋವು ಬಂದಾಗ ಮಾಡಬೇಕಾದದ್ದು ಇಷ್ಟು. ಮೊದಲು ಗಡಿಯಾರ ನೋಡಿ, ನೋವು ಎಷ್ಟು ಹೊತ್ತಿಗೆ ಶುರುವಾಯಿತೆಂದು ಬರೆದಿಡಿ. ವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ. ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಸ್ಕೂಟರಿನ ಹಿಂದೆ ಕೂರಿಸಬೇಡಿ. ೧೦೮ಕ್ಕೆ ಫೋನು ಮಾಡಿ. ೨೦೦೮ರಿಂದ ನಮ್ಮ ರಾಜ್ಯದಲ್ಲಿರುವ ಈ ವಾಹನಕ್ಕೆ ಹಣ ಕೊಡಬೇಕಾಗಿಲ್ಲ. ಅದು ತಡವಾಗುವಂತಿದ್ದರೆ ನೆರೆಯವರ ಕಾರಾದರೂ ಆದೀತು. ಆದರೆ ರೋಗಿಯೇ ಕಾರು ನಡೆಸಕೂಡದು. ಆಸ್ಪತ್ರೆಯಲ್ಲಿ ‘ಎದೆನೋವು, ಇಷ್ಟು ಹೊತ್ತಿನಿಂದ. ಇಸಿಜಿ ತೆಗೆಯಿರಿ’ ಎಂದು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಮೊದಲ ಇಸಿಜಿ ಸರಿಯಾಗಿದೆ ಎಂದರೂ ನೋವು ನಿಲ್ಲದಿದ್ದರೆ ಮನೆಗೆ ಹೊರಡಬೇಡಿ. ಮತ್ತೊಮ್ಮೆ ತೆಗೆಯುವುದೂ, ರಕ್ತಪರೀಕ್ಷೆ ಮಾಡುವುದೂ ಉಂಟು. ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗುವುದರಿಂದ ಉಪಯೋಗವಿದೆ; ಆದರೆ ಹೊಟ್ಟೆಹುಣ್ಣು, ರಕ್ತಸ್ರಾವ, ಆ ಔಷಧ ಒಗ್ಗದಿರುವಿಕೆ ಇದ್ದವರಿಗೆ ಅದು ಸಲ್ಲದು. ಆದ್ದರಿಂದ ೧೦೮ರವರನ್ನೋ ವೈದ್ಯರನ್ನೋ ಕೇಳಿಯೇ ಕೊಡಿ.

ರೋಗಿ ಕುಸಿದುಬಿದ್ದು, ಕರೆದರೆ ಮಾತಿಲ್ಲ, ಉಸಿರೂ ಸರಿಯಾಗಿಲ್ಲ ಎಂದಾದರೆ ಹೃದಯ ನಿಂತಿದೆಯೆಂದು ತಿಳಿಯಬೇಕು. ಮುಖಕ್ಕೆ ನೀರು ಚಿಮುಕಿಸುತ್ತ ಕೂರುವ ಹೊತ್ತಲ್ಲ ಅದು. ಒಬ್ಬರು ೧೦೮ಕ್ಕೆ ಕರೆಮಾಡಲಿ. ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮೂಳೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, ಸುಮಾರು ಎರಡು ಅಂಗುಲ ತಗ್ಗುವಂತೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತುತ್ತಿರಬೇಕು. ಸಹಾಯ ಬರುವವರೆಗೆ ನಿಲ್ಲಿಸಬಾರದು; ದಣಿದರೆ ಮತ್ತೊಬ್ಬರು ಮುಂದುವರಿಸಲಿ.

ಖರ್ಚಿನ ಚಿಂತೆಯಿಂದ ಹಿಂಜರಿಯುವವರೂ ಇದ್ದಾರೆ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಕಾರ್ಡನ್ನು ಕಾಯಿಲೆ ಬಂದ ರಾತ್ರಿ ಹುಡುಕುವುದಲ್ಲ, ಇಂದೇ ಮಾಡಿಸಿಡುವುದು ಜಾಣತನ.

ಎಲ್ಲಕ್ಕಿಂತ ಮೇಲಾದದ್ದು ಕಾಲುವೆಯಲ್ಲಿ ಹೂಳು ತುಂಬದಂತೆ ನೋಡಿಕೊಳ್ಳುವುದು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳಬೇಕು. ಒತ್ತಡ ಮತ್ತೆ ಮತ್ತೆ ೧೪೦/೯೦ಕ್ಕೆ ಏರಿದರೆ, ಬರಿಹೊಟ್ಟೆಯ ಸಕ್ಕರೆ ೧೨೬ನ್ನು ಮುಟ್ಟಿದರೆ ವೈದ್ಯರನ್ನು ಕಾಣಬೇಕು. ಇವೆರಡೂ ನೋವು ಕೊಡದ ಶತ್ರುಗಳು; ‘ನನಗೇನೂ ಆಗಿಲ್ಲವಲ್ಲ’ ಎಂಬ ಮಾತು ಇಲ್ಲಿ ಸಾಕ್ಷಿಯಾಗದು. ಮಾತ್ರೆ ನುಂಗಿ ಒತ್ತಡ ಇಳಿಯಿತೆಂದು ಮಾತ್ರೆ ನಿಲ್ಲಿಸುವವರು ಬಹಳ. ನೀರು ಹೊರಗೆ ಹರಿಯುತ್ತಿಲ್ಲವೆಂದು ಕೆರೆಯ ಏರಿಯನ್ನು ಕಿತ್ತುಹಾಕಿದಂತಾಯಿತು ಅದು. ಬೀಡಿ, ಸಿಗರೇಟು, ಎಲೆಯಡಿಕೆಯ ಜೊತೆಯ ಹೊಗೆಸೊಪ್ಪು ಇವನ್ನು ಕಡಮೆ ಮಾಡುವುದಲ್ಲ, ಬಿಡಬೇಕು. ರಾಗಿಮುದ್ದೆ, ಸೊಪ್ಪಿನ ಸಾರು ಒಳ್ಳೆಯ ಊಟವೇ. ಆದರೆ ದಿನವೆಲ್ಲ ಹೊಲದಲ್ಲಿ ದುಡಿದ ತಾತನ ಮುದ್ದೆಯ ಗಾತ್ರ, ಅಂಗಡಿಯಲ್ಲೋ ಕಚೇರಿಯಲ್ಲೋ ಕುಳಿತೇ ಇರುವ ಮೊಮ್ಮಗನಿಗೆ ತಕ್ಕದ್ದಲ್ಲ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ತಿಂಡಿ ಮಿತವಾಗಿರಲಿ. ದಿನಕ್ಕೆ ಅರ್ಧ ಗಂಟೆ ಬಿರುಸಾದ ನಡಿಗೆ ಇರಲಿ. ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿಯೇ ಹೃದಯದ ತೊಂದರೆ ಬಂದಿದ್ದ ಮನೆಯವರು ಇನ್ನೂ ಎಚ್ಚರದಿಂದಿರಬೇಕು.

ಈ ಹೊತ್ತು ಊಟಕ್ಕೆ ಮೊದಲು ಒಂದು ಕೆಲಸ ಮಾಡಿ. ಒಂದು ಕಾಗದದಲ್ಲಿ ೧೦೮ ಎಂದು ದಪ್ಪಗೆ ಬರೆಯಿರಿ. ಅದರ ಕೆಳಗೆ, ರಾತ್ರಿಯ ಹೊತ್ತಿನಲ್ಲಿಯೂ ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ ಬರೆಯಿರಿ. ನಡುರಾತ್ರಿ ಕರೆದರೂ ಕಾರು ತರುವ ನೆರೆಯವರ ಹೆಸರನ್ನೂ, ಮನೆಯ ಹಿರಿಯರು ನುಂಗುವ ಮಾತ್ರೆಗಳ ಹೆಸರನ್ನೂ ಬರೆಯಿರಿ. ಆ ಕಾಗದವನ್ನು ಗೋಡೆಯ ಗಡಿಯಾರದ ಕೆಳಗೆ ಅಂಟಿಸಿಬಿಡಿ. ಮನೆಯ ಮಕ್ಕಳಿಗೂ ಅದನ್ನು ಒಮ್ಮೆ ಓದಿ ತೋರಿಸಿ. ಆ ಹೊತ್ತಿಗೆ ಹತ್ತಿರವಿರುವವರು ಅವರೇ ಆಗಿರಬಹುದು.