ಮಳೆಯಲ್ಲಿ ತೊಂಬತ್ತು ಗಂಟೆ



ಪ್ಯಾರಿಸ್ ನಗರದ ಹೊರವಲಯದಿಂದ ಹೊರಟು, ಫ್ರಾನ್ಸಿನ ಪಶ್ಚಿಮ ತುದಿಯ ಬಂದರು ಬ್ರೆಸ್ಟನ್ನು ಮುಟ್ಟಿ ಮರಳುವ ಸೈಕಲ್ ಪಯಣವೊಂದಿದೆ. ದೂರ 1,200 ಕಿಲೋಮೀಟರಿಗೂ ಅಧಿಕ. ಕಾಲಾವಧಿ ಹೆಚ್ಚೆಂದರೆ 90 ಗಂಟೆ. ಊಟ, ನಿದ್ರೆ, ಸೈಕಲ್ಲಿನ ದುರಸ್ತಿ ಎಲ್ಲವೂ ಅದರೊಳಗೇ ಆಗತಕ್ಕದ್ದು. 1891ರಲ್ಲಿ ಪತ್ರಿಕೆಯೊಂದು ಇದನ್ನು ಪಂದ್ಯವಾಗಿ ಆರಂಭಿಸಿತು. ಅಂದು ಗೆದ್ದ ಶಾರ್ಲ್ ತೆರೋಂ 72 ಗಂಟೆಗಳೊಳಗೆ ಹಿಂದಿರುಗಿದ್ದನು. ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಈ ಪಯಣದಲ್ಲಿ ಮೊದಲಿಗನಿಗೆ ಬಹುಮಾನವಿಲ್ಲ.

2007ರ ಆಗಸ್ಟ್ ತಿಂಗಳಿನಲ್ಲಿ ಹೊರಟವರು 5 ಸಾವಿರಕ್ಕೂ ಹೆಚ್ಚು. ಮೊದಲ ರಾತ್ರಿಯೇ ಮಳೆ ಹಿಡಿಯಿತು. ಬ್ರೆಸ್ಟಿನತ್ತ ಸಾಗುವವರಿಗೆ ಪಶ್ಚಿಮದ ಗಾಳಿ ಎದುರಾಯಿತು. ಸುಮಾರು ಶೇಕಡಾ 30ರಷ್ಟು ಮಂದಿ ಪಯಣವನ್ನು ಮುಗಿಸಲಾಗಲಿಲ್ಲ. ಇವರಾರೂ ಹೊಸಬರಲ್ಲ. ಅದೇ ವರ್ಷ 200, 300, 400 ಮತ್ತು 600 ಕಿಲೋಮೀಟರುಗಳ ಪಯಣಗಳನ್ನು ಪೂರೈಸಿದವರಿಗಷ್ಟೇ ಅಲ್ಲಿ ಪ್ರವೇಶ. ಹಾಗಾದರೆ ಅವರನ್ನು ನಿಲ್ಲಿಸಿದ್ದು ಬರಿಯ ದೂರವಲ್ಲ.

ಆ ಹಾದಿಯ ಅತ್ಯುನ್ನತ ಭಾಗ, ಬ್ರಿಟನಿಯ ರಾಕ್ ಟ್ರೆವೆಜೆಲ್ ಬಳಿಯದು, 400 ಮೀಟರಿಗೂ ಕಡಿಮೆ ಎತ್ತರದ್ದು. ನಮ್ಮ ಘಟ್ಟದವರು ಅದನ್ನು ದಿಣ್ಣೆ ಎಂದಾರು! ಆದರೆ ಸಣ್ಣ ಏರಿಳಿತಗಳಿಗೆ ಕೊನೆಯೇ ಇಲ್ಲ. ಎಲ್ಲ ಏರುಗಳನ್ನೂ ಕೂಡಿಸಿದರೆ 10,000 ಮೀಟರು ಮೀರುತ್ತದೆ. ಏರುವಾಗ ಮೈ ಬೆವರುತ್ತದೆ, ಇಳಿಯುವಾಗ ಅದೇ ಒದ್ದೆಯ ಮೇಲೆ ಗಾಳಿ ಬೀಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸಬಲ್ಲದು. ಮಳೆಯಂಗಿ ತೊಟ್ಟರೆ ಹೊರಗಿನ ನೀರು ತಡೆಯಬಹುದು, ಒಳಗಿನ ಬೆವರು ಹೋಗಲಾರದು. ಗದ್ದೆನಾಟಿಯಲ್ಲಿ ಬಾಗಿದ ಬೆನ್ನಿಗೆ ಗೊರಬು ಹೊದೆದವರಿಗೆ ಇದರ ಮರ್ಮ ತಿಳಿದೇ ಇದೆ: ಗೊರಬು ಮಳೆಯನ್ನು ತಡೆಯುತ್ತದೆ, ಅಡಿಯಿಂದ ಗಾಳಿಯಾಡಲು ಬಿಡುತ್ತದೆ.

ಮೈಯ ಶಾಖ ಇಳಿದಂತೆ ಮೊದಲು ನಡುಕ, ಬಳಿಕ ಬೆರಳುಗಳ ಜೋಮು. ಒದ್ದೆ ಗಾಲಿಯ ಮೇಲೆ ಬಿರಿ ಮೊದಲೇ ದುರ್ಬಲ. ಅದನ್ನು ಅದುಮುವ ಬೆರಳುಗಳಿಗೂ ಬಲವಿಲ್ಲದಿದ್ದರೆ ಇಳಿಜಾರು ಅಪಾಯಕಾರಿ. ಅದಕ್ಕಿಂತ ಕೆಟ್ಟದ್ದು ವಿವೇಚನೆ ಮಂಕಾಗುವುದು. ನಡುಕ ನಿಂತುದನ್ನು ಚೇತರಿಕೆ ಎಂದು ಭ್ರಮಿಸಬಹುದು. ವಾಸ್ತವವಾಗಿ ಅದು ದೇಹ ಸೋಲುತ್ತಿರುವ ಚಿಹ್ನೆಯಾಗಿರಬಹುದು. ಎರಡು ರಾತ್ರಿ ನಿದ್ರೆಗೆಟ್ಟವನಿಗೆ ಈ ವ್ಯತ್ಯಾಸ ಹೊಳೆಯುವುದು ಕಷ್ಟ. ಆ ವರ್ಷ ನಡುದಾರಿಯಲ್ಲಿ ನಿಂತವರಲ್ಲಿ ಹಲವರು ಸರಿಯಾದುದನ್ನೇ ಮಾಡಿದರೆಂದು ಹೇಳಬೇಕು.

ಸವಾರರ ಹಿಂದೆ ಸಹಾಯದ ವಾಹನ ಬರುವಂತಿಲ್ಲ. ತಪಾಸಣಾ ಠಾಣೆಗಳಲ್ಲಿ ಮಾತ್ರ ಅಂಥ ನೆರವು. ನಡುವಿನ ದಾರಿಯನ್ನು ಕಾಯುವವರು ಹಳ್ಳಿಗರು. ಮನೆಯೆದುರು ಮೇಜಿಟ್ಟು ರಾತ್ರಿಯಿಡೀ ಕಾಫಿ, ನೀರು ಕೊಡುತ್ತಾರೆ. ವಿಲೇನ್-ಲಾ-ಜ್ಯುಯೆಲ್ ಎಂಬ ಪುಟ್ಟ ಊರಿನಲ್ಲಿ ಮಕ್ಕಳು ಬಳಲಿದ ಸವಾರರ ಊಟದ ತಟ್ಟೆಗಳನ್ನು ಹೊತ್ತು ಮೇಜಿಗೆ ತಲಪಿಸುವುದು ವಾಡಿಕೆ. ದೂರದೇಶಗಳಿಂದ ವಿಮಾನದಲ್ಲಿ ಬಂದು ಸೈಕಲ್ ತುಳಿಯುವುದನ್ನು ಪರಿಸರಸೇವೆ ಎನ್ನಲಾಗದು, ನಿಜ. ಆದರೆ ಇಂಧನವಿಲ್ಲದೆ ಸಾಗುವವನಿಗೆ ದಾರಿಬದಿಯ ಮನೆಗಳು ಎಷ್ಟು ಅಗತ್ಯವೆಂಬುದು ಅಲ್ಲಿ ಕಾಣುತ್ತದೆ. ಲಾ ತಾನಿಯೇರ್ ಎಂಬಲ್ಲಿ ಒಂದು ಕುಟುಂಬವು ದೋಸೆಯಂಥ ಕ್ರೆಪ್ ಮತ್ತು ಕಾಫಿಯನ್ನು ಉಚಿತವಾಗಿ ಹಂಚುತ್ತ ಬಂದಿತ್ತು. ಪ್ರತಿಯಾಗಿ ಕೇಳುತ್ತಿದ್ದುದು, ಸವಾರನು ತನ್ನ ಊರು ತಲಪಿದ ಮೇಲೆ ಕಳುಹಿಸುವ ಒಂದು ಅಂಚೆ ಕಾರ್ಡನ್ನು.