ಗೂಗಲ್‌ನಲ್ಲಿ ಸಿಗದ ಚಪ್ಪಲಿ ಗಾಡಿ

ಇವತ್ತು ಒಂದು ಆಟದ ಬಗ್ಗೆ ಮಾತಾಡೋಣ. ಅದಕ್ಕೆ ಬೇಕಾಗಿರೋದು ಮೂರೇ: ನಿಮ್ಮ ಮೊಬೈಲು, ನಿಮ್ಮ ಬೆರಳು, ಮತ್ತೆ ಚಿಕ್ಕೋರಿದ್ದಾಗ ಆಡಿದ ಒಂದು ಆಟಿಕೆಯ ನೆನಪು.

ನಾನು ಓದಿದ್ದು ಬಿ.ಕಾಂ. ಚಿತ್ರಕ್ಕೂ ನನಗೂ ಇದ್ದ ಸಂಬಂಧ ಅಂದ್ರೆ ಬ್ಯಾಲೆನ್ಸ್ ಶೀಟಿಗೆ ಸ್ಕೇಲ್ ಇಟ್ಟು ಗೆರೆ ಹಾಕಿದ್ದಷ್ಟೇ. ನಮ್ಮ ಮನೆ ಇರೋದು ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಕಾಫಿ ತೋಟದ ಕಡೆ. ಜುಲೈ ಮಳೆ ಹಿಡೀತು ಅಂದ್ರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಂಥ ಒಂದು ಸಂಜೆ ಬೇಜಾರಿಗೆ ಐಬಿಸ್ ಪೇಂಟ್ ಅನ್ನೋ ಆಪ್ ತೆಗೆದು, ಬೆರಳಲ್ಲೇ ಒಂದು ಪೆಟ್ಲು ಬಿಡಿಸಿದೆ.

ಪೆಟ್ಲು ಗೊತ್ತಲ್ಲ? ಬಿದಿರಿನ ಸಣ್ಣ ಕೊಳವೆ, ಅದರೊಳಗೆ ಹೋಗೋ ಒಂದು ಕಡ್ಡಿ, ಗುಂಡಿನ ಬದಲು ಹಸಿರು ಕಾಯಿ. ಚಿತ್ರ ಚೆನ್ನಾಗೇ ಬಂದಿದೆ ಅಂದ್ಕೊಂಡೆ. ಅಪ್ಪ ಹಿಂದಿನಿಂದ ಇಣುಕಿ ನೋಡಿ, "ಇದು ಹೊಡೆಯಲ್ಲ ಕಣೋ, ಕಡ್ಡಿ ಉದ್ದ ಆಯ್ತು" ಅಂದ್ರು.

ಯಾಕೆ ಅಂತ ಕೇಳಿದೆ. ಮೊದಲನೇ ಕಾಯಿಯನ್ನ ತುದಿವರೆಗೂ ತಳ್ಳಬೇಕು, ಅದು ಅಲ್ಲೇ ಬಿಗಿಯಾಗಿ ಕೂರಬೇಕು. ಆಮೇಲೆ ಎರಡನೇ ಕಾಯಿ ಹಾಕಿ ಜೋರಾಗಿ ತಳ್ಳಿದ್ರೆ, ಎರಡರ ಮಧ್ಯೆ ಸಿಕ್ಕಿಕೊಂಡ ಗಾಳಿ ಒತ್ತಿ, ಮುಂದಿನ ಕಾಯಿ 'ಪಟ್' ಅಂತ ಹಾರುತ್ತೆ. ಕಡ್ಡಿ ಕೊಳವೆಗಿಂತ ಸ್ವಲ್ಪ ಗಿಡ್ಡ ಇದ್ರೆ ಎರಡನೇ ಕಾಯಿ ತುದೀಲೇ ಉಳಿದು ಮುಂದಿನ ಗುಂಡಾಗುತ್ತೆ. ಉದ್ದ ಇದ್ರೆ ಅದೂ ಆಚೆ ಬಿದ್ದುಹೋಗುತ್ತೆ. ಅಂದ್ರೆ ಎಷ್ಟೋ ವರ್ಷ ಪೆಟ್ಲು ಹೊಡೆದಿದ್ದ ನನಗೆ ಪೆಟ್ಲು ಅರ್ಥವಾಗಿದ್ದು ಅದನ್ನ ತಪ್ಪಾಗಿ ಬಿಡಿಸಿದ ಮೇಲೆ!

ಅಲ್ಲಿಂದ ದಿನಕ್ಕೊಂದು ಆಟಿಕೆ. ರೂಲ್ ಒಂದೇ: ಫೋಟೋ ನೋಡಂಗಿಲ್ಲ.

ಒಂದು ದಿನ ಚನ್ನಪಟ್ಟಣದ ಬುಗುರಿ ಬಿಡಿಸಿದೆ. ಆ ಆಟಿಕೆಗಳನ್ನ ಹೆಚ್ಚಾಗಿ ಮಾಡೋದು ಆಲೆ ಮರದಲ್ಲಿ. ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ಕೇದಗೆ ಎಲೆಯಿಂದ ಉಜ್ಜಿ ಹೊಳಪು ತರ್ತಾರೆ. ಈ ಆಟಿಕೆಗಳಿಗೆ ಜಿಐ ಟ್ಯಾಗ್ ಕೂಡ ಇದೆ. ಯಂತ್ರದ ಮೇಲೆ ತಿರುಗಿಸಿ ಮಾಡಿದ್ದಲ್ವಾ, ಅದು ಎಡಕ್ಕೂ ಬಲಕ್ಕೂ ಒಂದೇ ಥರ. ಹಾಗಾಗಿ ಆಪ್‌ನಲ್ಲಿ ಸಿಮೆಟ್ರಿ ರೂಲರ್ ಆನ್ ಮಾಡಿ ಅರ್ಧ ಬಿಡಿಸಿದ್ರೆ ಸಾಕು, ಇನ್ನರ್ಧ ತಾನೇ ಬರುತ್ತೆ.

ಮಾರನೇ ದಿನ ಚಪ್ಪಲಿ ಗಾಡಿ. ಅದಕ್ಕೆ ಸಿಮೆಟ್ರಿ ಉಪಯೋಗಕ್ಕೇ ಬರಲಿಲ್ಲ. ಬ್ಲೇಡಲ್ಲಿ ಕೊಯ್ದ ಚಕ್ರ ಯಾವತ್ತೂ ಪೂರ್ತಿ ದುಂಡಗಿರಲ್ಲ.

ಈ ಗಾಡಿ ನನ್ನದಲ್ಲ. ಪಕ್ಕದ ತೋಟದ ಲೈನ್ ಮನೇಲಿ ಒಬ್ಬ ಗೆಳೆಯ ಇದ್ದ, ಅವನದು. ಹಳೇ ಹವಾಯಿ ಚಪ್ಪಲಿ ಕೊಯ್ದು ಮಾಡಿದ ಚಕ್ರ, ಮುರಿದ ಛತ್ರಿಯ ಕಡ್ಡಿಯ ಅಚ್ಚು, ತಳ್ಳೋಕೆ ಉದ್ದ ಕೋಲು. ನನ್ನ ಹತ್ರ ಪೇಟೆಯಿಂದ ತಂದ ಬ್ಯಾಟರಿ ಕಾರಿತ್ತು. ಅದನ್ನ ಅವನಿಗೆ ಒಂದು ಸಲಾನೂ ಮುಟ್ಟೋಕೆ ಕೊಟ್ಟಿರಲಿಲ್ಲ. ಅವನು ಮಾತ್ರ, "ತಗೋ, ಇಳಿಜಾರಲ್ಲಿ ಓಡ್ಸು" ಅಂತ ತನ್ನ ಗಾಡೀನ ನನ್ನ ಕೈಗೆ ಕೊಡ್ತಿದ್ದ.

ಈಗ ಕೇಳಿ. ನನ್ನ ಬ್ಯಾಟರಿ ಕಾರು ಬಿಡಿಸೋಣ ಅಂತ ಕೂತ್ರೆ ಅದರ ಬಣ್ಣಾನೂ ನೆನಪಿಗೆ ಬರ್ಲಿಲ್ಲ. ಅವನ ಗಾಡಿ ಮಾತ್ರ ಕೋಲಿನ ಗಂಟು ಸಮೇತ ಬೆರಳಿಗೆ ಬಂತು.

ಚಿತ್ರಾನ ಅವನಿಗೆ ವಾಟ್ಸಾಪ್ ಮಾಡೋಕೆ ನಾಲ್ಕು ದಿನ ತಗೊಂಡೆ. ಎಷ್ಟೋ ವರ್ಷದಿಂದ ಮಾತಿಲ್ಲ. ಅಮ್ಮ ಯಾರ್ಯಾರನ್ನೋ ಕೇಳಿ ನಂಬರ್ ತಂದ್ರು. ಚಿತ್ರದ ಕೆಳಗೆ, "ಕಾರು ಮುಟ್ಟೋಕೆ ಕೊಡ್ಲಿಲ್ಲ, ಸಾರಿ ಕಣೋ" ಅಂತ ಬರೆದೆ. ರಾತ್ರಿ ವಾಯ್ಸ್ ಮೆಸೇಜ್ ಬಂತು. ಕಾರಿನ ವಿಷಯಕ್ಕೆ ಅವನು ಏನೂ ಹೇಳ್ಲಿಲ್ಲ. "ಲೋ, ಚಕ್ರ ನೀಲಿ ಅಲ್ಲ ಕಣೋ, ಹಸಿರು. ಅದು ನಿಮ್ಮಪ್ಪ ಬಿಸಾಕಿದ್ದ ಚಪ್ಪಲಿ. ಗೊತ್ತಿಲ್ವಾ ನಿಂಗೆ?" ಅಂದು ನಕ್ಕ.

ಗೊತ್ತಿರಲಿಲ್ಲ. ಲೇಯರ್ ತೆಗೆದು ಚಕ್ರಕ್ಕೆ ಹಸಿರು ಹಾಕ್ದೆ.

ನೀವೂ ಈ ವಾರ ಒಂದು ಆಟಿಕೆ ಬಿಡಿಸಿ. ಗೆರೆಗೆ ಒಂದು ಲೇಯರ್, ಬಣ್ಣಕ್ಕೆ ಅದರ ಕೆಳಗೆ ಇನ್ನೊಂದು. ಆಗ ಬಣ್ಣ ತಪ್ಪಾದ್ರೂ ಗೆರೆ ಹಾಳಾಗಲ್ಲ. ಚೆನ್ನಾಗಿ ಬರಬೇಕು ಅಂತೇನಿಲ್ಲ. ಅಡಿಕೆ ಹಾಳೆ ಗಾಡಿನೋ, ತೆಂಗಿನ ಗರಿ ವಾಚೋ, ಯಾವುದಾದ್ರೂ ಸರಿ. ಬಿಡಿಸಿ ಆದ್ಮೇಲೆ ಸ್ಟೇಟಸ್‌ಗೆ ಹಾಕೋ ಮೊದಲು, ಅದನ್ನ ನಿಮ್ಮ ಜೊತೆ ಆಡಿದೋರಿಗೋ ಮಾಡಿಕೊಟ್ಟೋರಿಗೋ ತೋರ್ಸಿ. ಅವರು ತಪ್ಪು ಹಿಡೀತಾರೆ. ಹಿಡೀಲಿ ಬಿಡಿ, ಅಲ್ಲಿಂದಾನೇ ಮಾತು ಶುರುವಾಗೋದು.

ನಮ್ಮ ಕಡೆ ಇನ್ನೂ ಮಳೆ ನಿಂತಿಲ್ಲ. ಮುಂದಿನ ವಾರ ಸಿಗೋಣ.